ಆ ನಾಲ್ಕು ಪುಟದ ಹಾಳೆಯಲ್ಲಿ ಆ ಸುದ್ದಿ ಇರಲಿಲ್ಲ

ನೀವು ಕೇಳಿರುವುದು ಎರಡು ಪ್ರಶ್ನೆ. 2002ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಪಾದ್ರಿಗಳು ಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟ ಹಗರಣ ಹೊರಗೆ ಬಂದಾಗ ಅಲ್ಲಿನ ಸಾಮಾನ್ಯ ಕ್ಯಾಥೊಲಿಕರು ಏನು ಮಾಡಿದರು ಅಂತ ಒಂದು. ಇಷ್ಟೆಲ್ಲಾ ಗೊತ್ತಾದ ಮೇಲೂ ಅದೇ ಚರ್ಚಿಗೆ ಹೇಗೆ ಹೋಗುತ್ತಾರೆ ಅಂತ ಇನ್ನೊಂದು. ಆಗ ನಾನು ಅಲ್ಲೇ ಇದ್ದೆ, ಹಾಗಾಗಿ ಮೊದಲನೆಯದಕ್ಕೆ ಕಂಡದ್ದನ್ನು ಹೇಳುತ್ತೇನೆ. ಎರಡನೆಯದಕ್ಕೆ ನನ್ನ ಮನೆಯ ಮಟ್ಟಿಗೆ ಮಾತ್ರ ಹೇಳಬಲ್ಲೆ.

ನಮ್ಮದು ಬೆಂಗಳೂರಿನ ಕನ್ನಡ ಕ್ಯಾಥೊಲಿಕ್ ಮನೆ. ದಾರಿಯಲ್ಲಿ ಫಾದರ್ ಎದುರಾದರೆ ನಮ್ಮಜ್ಜಿ ಸೆರಗು ತಲೆಗೆ ಎಳೆದುಕೊಂಡು "ಸ್ತೋತ್ರ ಸ್ವಾಮಿ" ಅನ್ನುತ್ತಿದ್ದಳು. ಮನೆಯಲ್ಲಿ ಯಾರಾದರೂ ಫಾದರ್ ಬಗ್ಗೆ ಸುಮ್ನೆ ತಮಾಷೆಗೆ ಒಂದು ಮಾತು ಆಡಿದರೂ ಸಾಕು, "ಗುರುಗಳ ಬಗ್ಗೆ ಹಂಗೆಲ್ಲ ಮಾತಾಡಿದ್ರೆ ಬಾಯಲ್ಲಿ ಹುಳ ಬೀಳುತ್ತೆ" ಅಂತ ಬೈಯುತ್ತಿದ್ದಳು. ಅಜ್ಜಿ ಒಳ್ಳೆಯವಳು. ಆದರೂ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2000ದಲ್ಲಿ ಕೆಲಸಕ್ಕೆ ಅಂತ ನಾನೂ ನನ್ನ ಹೆಂಡತಿಯೂ ಬಾಸ್ಟನ್ ಹತ್ತಿರದ ಒಂದು ಊರಿಗೆ ಹೋದೆವು. ಅಲ್ಲಿನ ಧರ್ಮಕೇಂದ್ರದಲ್ಲಿ, ಅಂದರೆ ಆ ಊರಿನ ಚರ್ಚಿಗೆ ಸೇರಿದ ಸಮುದಾಯದಲ್ಲಿ, ಹೆಚ್ಚಿನವರು ಐರಿಷ್ ಮೂಲದವರು, ಸ್ವಲ್ಪ ಇಟಲಿಯವರು. ಪೂಜೆ ಮುಗಿಸಿ ಹೊರಡುವಾಗ ಬಾಗಿಲಲ್ಲಿ ನಾಲ್ಕು ಪುಟದ ಒಂದು ಹಾಳೆ ಕೊಡುತ್ತಿದ್ದರು. ಅದಕ್ಕೆ ಬುಲೆಟಿನ್ ಅನ್ನುತ್ತಾರೆ. ಯಾರ ಹೆಸರಲ್ಲಿ ಯಾವ ಪೂಜೆ, ಹೋದ ವಾರ ಎಷ್ಟು ಕಾಣಿಕೆ ಬಂತು, ಮುದುಕರಿಗೆ ಫ್ಲೂ ಚುಚ್ಚುಮದ್ದು ಎಲ್ಲಿ, ಪಾರ್ಕಿಂಗ್ ಜಾಗದ ಹಿಮ ಯಾರು ತೆಗೆಸುತ್ತಾರೆ, ಎಲ್ಲಾ ಅದರಲ್ಲಿ. ಊರಿಗೆ ಹೊಸಬರಾದ ನಮಗೆ ಆ ಹಾಳೆಯೇ ಊರಿನ ಸುದ್ದಿ.

2002ರ ಜನವರಿ 6, ಭಾನುವಾರ. ಮೂರು ರಾಯರ ಹಬ್ಬ. ಅವತ್ತಿನ 'ಬಾಸ್ಟನ್ ಗ್ಲೋಬ್' ಪತ್ರಿಕೆಯ ಮುಖಪುಟದಲ್ಲಿ ಜಾನ್ ಗೇಗನ್ ಅನ್ನುವ ಪಾದ್ರಿಯ ಸುದ್ದಿ ಬಂತು. ಮೂವತ್ತು ವರ್ಷಗಳಲ್ಲಿ ಆರೇಳು ಚರ್ಚುಗಳಲ್ಲಿ ಇದ್ದವನು. 130ಕ್ಕಿಂತ ಜಾಸ್ತಿ ಜನ, ಚಿಕ್ಕವರಿದ್ದಾಗ ಅವನು ತಮ್ಮ ಮೇಲೆ ಕೈ ಹಾಕಿದ್ದ ಅಂತ ಹೇಳಿದ್ದರು. ಹೆಚ್ಚಿನವರು ಪ್ರಾಥಮಿಕ ಶಾಲೆಯ ವಯಸ್ಸಿನ ಹುಡುಗರಾಗಿದ್ದವರು.

ಜನರನ್ನು ಕೆರಳಿಸಿದ್ದು ಅವನೊಬ್ಬನ ಕತೆ ಅಲ್ಲ, ಮೇಲಿನವರಿಗೆ ಎಲ್ಲಾ ಗೊತ್ತಿತ್ತು ಅನ್ನುವುದು. ಏಳು ಹುಡುಗರ ಸಂಬಂಧಿ ಒಬ್ಬ ಹೆಂಗಸು 1982ರಲ್ಲೇ, ಬಾಸ್ಟನ್ನಿನ ಕ್ಯಾಥೊಲಿಕ್ ಚರ್ಚುಗಳಿಗೆಲ್ಲ ಮುಖ್ಯಸ್ಥರಾಗಿದ್ದ ಆಗಿನ ಕಾರ್ಡಿನಲ್‌ಗೆ ಕಾಗದ ಬರೆದಿದ್ದಳು. ಇವನು ಇನ್ನೂ ಹೇಗೆ ಪಾದ್ರಿಯಾಗಿದ್ದಾನೆ ಅಂತ ಕೇಳಿದ್ದಳು. 1984ರಲ್ಲಿ ಅವರ ಜಾಗಕ್ಕೆ ಹೊಸದಾಗಿ ಬಂದ, ಮುಂದೆ ತಾವೂ ಕಾರ್ಡಿನಲ್ ಆದ ಬರ್ನಾರ್ಡ್ ಲಾ ಅವನನ್ನು ವೆಸ್ಟನ್ ಅನ್ನುವ ಶ್ರೀಮಂತರ ಊರಿಗೆ ವರ್ಗ ಮಾಡಿದರು. ಇದು ಸರಿಯಲ್ಲ ಅಂತ ಅವರ ಕೈಕೆಳಗಿನ ಸಹಾಯಕ ಬಿಷಪ್ಪರೊಬ್ಬರು, ಜಾನ್ ಡಾರ್ಸಿ, ಆಗಲೇ ಬರೆದು ಕೊಟ್ಟಿದ್ದರು. ಇಂಥ ಎಷ್ಟೋ ಕಾಗದಗಳು ಕೋರ್ಟಿನಲ್ಲಿ ಮುಚ್ಚಿಟ್ಟ ಕಡತದಲ್ಲಿದ್ದವು. ಪತ್ರಿಕೆಯವರು ಕೇಳಿದರು, ನ್ಯಾಯಾಧೀಶೆ ತೆರೆಯಿರಿ ಅಂದರು, ತೆರೆಯಿತು. ಗ್ಲೋಬ್‌ಗಿಂತ ಮೊದಲೇ, 2001ರಲ್ಲಿ, 'ಬಾಸ್ಟನ್ ಫೀನಿಕ್ಸ್' ಅನ್ನುವ ವಾರಪತ್ರಿಕೆ ಗೇಗನ್ ಬಗ್ಗೆ ದೊಡ್ಡ ವರದಿ ಮಾಡಿತ್ತು. ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮುಂದಿನ ಭಾನುವಾರ ಚರ್ಚಿಗೆ ಹೋದೆವು. ಪ್ರಬೋಧನೆಯಲ್ಲಿ ಆ ವಿಷಯದ ಸುಳಿವೇ ಇಲ್ಲ. ಹಾಳೆ ತೆಗೆದು ನೋಡಿದರೆ ಅದೇ ಪೂಜೆಯ ಪಟ್ಟಿ, ಅದೇ ಹಿಮ, ಜೊತೆಗೆ ಪ್ಯಾನ್‌ಕೇಕ್ ತಿಂಡಿಗೆ ಆಹ್ವಾನ. ಊರಿಗೆಲ್ಲ ಗೊತ್ತಿದ್ದ ಸುದ್ದಿ ಊರಿನ ಹಾಳೆಯಲ್ಲಿ ಮಾತ್ರ ಇರಲಿಲ್ಲ.

ನಾನೇನು ಮಾಡಿದೆ ಅಂತ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಹಾಸನದ ಗೆಳೆಯನೊಬ್ಬ ಊಟಕ್ಕೆ ಕೂತಾಗ ಮೆತ್ತಗೆ ಕೇಳಿದ, "ಏನಪ್ಪಾ ಇದು, ನಿಮ್ಮ ಚರ್ಚ್ ಕತೆ?" ನಾನು ಕ್ಷಣವೂ ಯೋಚಿಸಲಿಲ್ಲ. "ಇಲ್ಲಿನ ಪೇಪರ್‌ನವರಿಗೆ ಕ್ಯಾಥೊಲಿಕರನ್ನು ಕಂಡರೆ ಆಗಲ್ಲ, ಹಳೇ ಕತೆ ಕೆದಕ್ತಾರೆ" ಅಂದೆ. ವರದಿಯನ್ನು ಪೂರ್ತಿ ಓದಿಯೂ ಇರಲಿಲ್ಲ. ಅವನು ಮಾತು ಬದಲಾಯಿಸಿದ, ಅವನ ದೊಡ್ಡತನ.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾದ ಮೇಲೆ ನಮ್ಮ ಫಾದರ್ ಕೊನೆಗೂ ಹಾಳೆಯಲ್ಲಿ ಒಂದು ಸಾಲು ಹಾಕಿಸಿದರು: ಗುರುವಾರ ಸಂಜೆ ಏಳಕ್ಕೆ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಸಭೆ, ಬರುವವರು ಬನ್ನಿ. ಯಾಕೆ ಅಂತ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಇನ್ನೂರು ಕುರ್ಚಿ ಹಾಕಿದ್ದರು. ಸಾಲದೆ ಜನ ಗೋಡೆಗೆ ಒರಗಿ ನಿಂತರು. ಮೊದಲ ಅರ್ಧ ಗಂಟೆ ನನ್ನಂಥವರದೇ ಮಾತು. ವಕೀಲರಿಗೆ ದುಡ್ಡಿನಾಸೆ, ಒಳ್ಳೆಯ ಪಾದ್ರಿಗಳಿಗೆ ಅವಮಾನ, ಹೀಗೆ.

ಆಮೇಲೆ ಎದ್ದವರು ಸುಮಾರು ಎಪ್ಪತ್ತರ ಒಬ್ಬ ಮನುಷ್ಯ. ಪ್ರತಿ ಭಾನುವಾರ ಕೊನೇ ಬೆಂಚಿನಲ್ಲಿ ಕೂತು, ಪೂಜೆಯ ಕೊನೆಯ ಹೊತ್ತಿಗೆ ಪಾದ್ರಿ ಕೊಡುವ ಪರಮಪ್ರಸಾದಕ್ಕೆ ಮುಂಚೆಯೇ ಎದ್ದು ಹೋಗುತ್ತಿದ್ದವರು. ಪಾರ್ಕಿಂಗ್‌ನಲ್ಲಿ ಕಾರು ಸಿಕ್ಕಿಕೊಳ್ಳದಿರಲಿ ಅಂತ ಹೋಗುತ್ತಾರೆ ಅಂದುಕೊಂಡಿದ್ದೆ. ಹತ್ತು ವರ್ಷದವನಿದ್ದಾಗ, ಬೇರೆ ಊರಿನ ಚರ್ಚಿನಲ್ಲಿ, ಪೂಜೆಗೆ ಸಹಾಯ ಮಾಡುವ ಹುಡುಗನಾಗಿದ್ದಾಗ ತನಗೆ ಏನಾಯಿತು ಅಂತ ಅವರು ಎರಡು ವಾಕ್ಯದಲ್ಲಿ ಹೇಳಿದರು. ಮನೆಗೆ ಹೋಗಿ ಅಮ್ಮನಿಗೆ ಹೇಳಿದರಂತೆ. ಅಮ್ಮ ಕೆನ್ನೆಗೆ ಹೊಡೆದಳಂತೆ. ಫಾದರ್ ಬಗ್ಗೆ ಇಂಥಾ ಮಾತು ಆಡ್ತೀಯಾ ಅಂತ. ಅರವತ್ತು ವರ್ಷದಲ್ಲಿ ಅವರು ಅದನ್ನು ಎರಡನೇ ಸಲ ಹೇಳಿದ್ದು ಅವತ್ತೇ.

ನನಗೆ ಅಜ್ಜಿಯ ಹುಳದ ಮಾತು ನೆನಪಾಯಿತು. ಕೈಕಾಲು ತಣ್ಣಗಾಯಿತು. ನಮ್ಮ ಮನೆಯಲ್ಲಿ ನಾನೇ ಆ ಹುಡುಗ ಆಗಿದ್ದರೆ? ಇದೇ ಆಗುತ್ತಿತ್ತು. ಹೊಡೆತ ಅಲ್ಲದಿದ್ದರೆ ಹುಳ.

ಆ ಸಭೆಯಲ್ಲಿ ಆಮೇಲೆ ಯಾರೂ ವಕೀಲರ ಮಾತು ಎತ್ತಲಿಲ್ಲ. ಫಾದರ್ ಎದ್ದು ಅವರ ಪಕ್ಕ ಹೋಗಿ ಕೂತರು, ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಅಂತ ನನಗೆ ಅನ್ನಿಸುತ್ತದೆ.

ನಮ್ಮಲ್ಲಿ ಮಾತ್ರ ಅಲ್ಲ, ಆ ವರ್ಷ ಸುತ್ತಲಿನ ಎಷ್ಟೋ ಚರ್ಚುಗಳ ಕೆಳಗಿನ ಹಾಲ್‌ಗಳಲ್ಲಿ ಹೀಗೇ ಸಭೆ ನಡೆದವು. ವೆಲ್ಸ್ಲಿ ಅನ್ನುವ ಊರಿನ ಸೇಂಟ್ ಜಾನ್ ಚರ್ಚಿನ ನೆಲಮಾಳಿಗೆಯಲ್ಲಿ ಶುರುವಾದದ್ದು ದೊಡ್ಡದಾಗಿ ಬೆಳೆಯಿತು. ಅದೇ 'ವಾಯ್ಸ್ ಆಫ್ ದ ಫೇತ್‌ಫುಲ್', ಅಂದರೆ ಭಕ್ತರ ದನಿ. ಮೊದಲ ಅಧ್ಯಕ್ಷರು ಜೇಮ್ಸ್ ಮುಲ್ಲರ್. ಹೃದಯದ ಡಾಕ್ಟರು. 1985ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ, ಅಣುಯುದ್ಧದ ವಿರುದ್ಧದ ವೈದ್ಯರ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ನಂಬಿಕೆ ಉಳಿಸಿಕೊಳ್ಳಿ, ಚರ್ಚನ್ನು ಬದಲಿಸಿ, ಇದು ಅವರ ಘೋಷಣೆ. ಮೂವತ್ತರಷ್ಟು ಜನರಿಂದ ಶುರುವಾದದ್ದು ಜುಲೈ 20ರ ಸಮಾವೇಶದ ಹೊತ್ತಿಗೆ ನಾಲ್ಕು ಸಾವಿರ ದಾಟಿತ್ತು.

ಅವರು ಕೇಳಿದ್ದು ಮಹಾ ದೊಡ್ಡದೇನಲ್ಲ. ನೊಂದವರ ಜೊತೆ ನಿಲ್ಲೋಣ, ಸರಿಯಾಗಿರುವ ಪಾದ್ರಿಗಳ ಜೊತೆ ನಿಲ್ಲೋಣ, ಚರ್ಚಿನ ಆಡಳಿತದಲ್ಲಿ ನಮ್ಮ ಮಾತೂ ನಡೆಯಲಿ. ಅಷ್ಟಕ್ಕೇ ಹಲವು ಬಿಷಪ್ಪರು ಚರ್ಚಿನ ಜಾಗದಲ್ಲಿ ಸಭೆ ಸೇರಬೇಡಿ ಅಂದರು. ಸೇವಾ ಕೆಲಸಕ್ಕೆ ಅಂತ ಸಂಘ ಬೇರೆಯಾಗಿ ಕೂಡಿಸಿದ ಹಣವನ್ನು ಕಾರ್ಡಿನಲ್ ಲಾ ಮುಟ್ಟಲಿಲ್ಲ. ಇತ್ತ ನೊಂದವರಲ್ಲಿ ಕೆಲವರಿಗೆ ಇವರು ತೀರಾ ಮೆತ್ತಗೆ ಅನ್ನಿಸುತ್ತಿತ್ತು. ಅವರು ಭಾನುವಾರ ಬಾಸ್ಟನ್ನಿನ ಹೋಲಿ ಕ್ರಾಸ್ ಪ್ರಧಾನಾಲಯದ, ಅಂದರೆ ಕಾರ್ಡಿನಲ್ಲರ ಮುಖ್ಯ ಚರ್ಚಿನ ಎದುರು ತಮ್ಮ ಬಾಲ್ಯದ ಫೋಟೋ ಹಿಡಿದು ನಿಲ್ಲುತ್ತಿದ್ದರು. ನಾನು ಒಮ್ಮೆ ಅವರ ಮುಂದೆಯೇ ನಡೆದು ಒಳಗೆ ಹೋಗಿದ್ದೇನೆ. ತಲೆ ಎತ್ತಲು ಆಗಲಿಲ್ಲ.

ನನ್ನ ಕೇಳಿದರೆ ಅಲ್ಲಿ ಜನ ಹಿಡಿದ ಗಟ್ಟಿ ದಾರಿ ಇನ್ನೊಂದು: ಕಾಣಿಕೆ. ಕಾರ್ಡಿನಲ್ ಹೆಸರಲ್ಲಿ ವರ್ಷಕ್ಕೊಮ್ಮೆ ಎತ್ತುವ ನಿಧಿ ಆ ವರ್ಷ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನಮ್ಮ ಚರ್ಚಿನಲ್ಲಿ ಲಕೋಟೆಯ ಮೇಲೆ 'ಈ ಧರ್ಮಕೇಂದ್ರದ ಖರ್ಚಿಗೆ ಮಾತ್ರ' ಅಂತ ಬರೆದು ಹಾಕುವವರು ಜಾಸ್ತಿಯಾದರು. ಪ್ರಾರ್ಥನೆಗೆ ಬಾರದ ಉತ್ತರ ಲಕೋಟೆಗೆ ಬಂತು ಅಂತ ನಮ್ಮ ಬೆಂಚಿನ ಅಜ್ಜಿಯೊಬ್ಬರು ನಗುತ್ತಿದ್ದರು.

ಡಿಸೆಂಬರ್ ಹೊತ್ತಿಗೆ ಇನ್ನಷ್ಟು ಕಡತ ಹೊರಬಂದವು. ಬಾಸ್ಟನ್ನಿನ 58 ಪಾದ್ರಿಗಳೇ ಸಹಿ ಹಾಕಿ, ನೀವು ಇಳಿಯಿರಿ ಅಂತ ಕಾರ್ಡಿನಲ್‌ಗೆ ಬರೆದರು. ಡಿಸೆಂಬರ್ 13ಕ್ಕೆ ಅವರ ರಾಜೀನಾಮೆ ಒಪ್ಪಿಗೆಯಾಯಿತು. ಆದರೆ 2004ರಲ್ಲಿ ಅವರಿಗೆ ರೋಮಿನ ಸಾಂತಾ ಮರಿಯಾ ಮಜ್ಜೋರೆ ಬೆಸಿಲಿಕಾದ ಉಸ್ತುವಾರಿ, ದೊಡ್ಡ ಗೌರವದ ಹುದ್ದೆ, ಸಿಕ್ಕಿತು. ರಾಜೀನಾಮೆಯಿಂದ ತಣ್ಣಗಾಗಿದ್ದ ಜನ ಅವತ್ತು ಮತ್ತೆ ಕುದಿದರು. ನಾನೂ.

ಶಿಕ್ಷೆ? ಗೇಗನ್‌ಗೆ ಒಂದು ಪ್ರಕರಣದಲ್ಲಿ 9ರಿಂದ 10 ವರ್ಷ ಆಯಿತು. 2003ರಲ್ಲಿ ಜೈಲಿನಲ್ಲೇ ಇನ್ನೊಬ್ಬ ಕೈದಿ ಅವನನ್ನು ಕೊಂದ. ಅದೇ ವರ್ಷ ರಾಜ್ಯದ ಅಟಾರ್ನಿ ಜನರಲ್ ವರದಿ ಕೊಟ್ಟರು: ಕಡಿಮೆ ಅಂದರೂ 789 ಮಕ್ಕಳ ದೂರು, ಪಾದ್ರಿಗಳೂ ಇತರ ಕೆಲಸದವರೂ ಸೇರಿ 250 ಜನರ ಮೇಲೆ. ವರ್ಗ ಮಾಡಿ ಮುಚ್ಚಿಟ್ಟ ಮೇಲಿನವರ ಮೇಲೆ ಮಾತ್ರ ಕೇಸು ಹಾಕಲು ಆಗಿನ ಕಾನೂನಿನಲ್ಲಿ ದಾರಿ ಇರಲಿಲ್ಲ. ಮಗುವಿಗೆ ಕಿರುಕುಳ ಆಗುತ್ತಿದೆ ಅಂತ ಗೊತ್ತಾದರೆ ಸರ್ಕಾರಕ್ಕೆ ತಿಳಿಸಲೇಬೇಕಾದವರ ಪಟ್ಟಿಯಲ್ಲಿ ಟೀಚರ್, ಡಾಕ್ಟರ್ ಇದ್ದರು, ಪಾದ್ರಿಗಳು ಇರಲಿಲ್ಲ! 2002ರ ಮೇ ತಿಂಗಳಲ್ಲಷ್ಟೇ ಅವರನ್ನು ಸೇರಿಸಿದ್ದು.

ಇಡೀ ಅಮೆರಿಕದ ಲೆಕ್ಕ 2004ರಲ್ಲಿ ಬಂತು. 1950ರಿಂದ 2002ರವರೆಗೆ 4,392 ಪಾದ್ರಿಗಳ ಮೇಲೆ ಆರೋಪ, ಅಂದರೆ ನೂರಕ್ಕೆ ನಾಲ್ಕು. "ನೋಡಿ, 96 ಜನ ಒಳ್ಳೆಯವರಲ್ವಾ" ಅಂತ ಈಗಲೂ ನನಗೆ ಹೇಳುವವರಿದ್ದಾರೆ. ನಿಜವೇ. ಆದರೆ ಆ ನಾಲ್ವರನ್ನು ಒಂದು ಊರಿಂದ ಇನ್ನೊಂದು ಊರಿಗೆ ಕಳಿಸುವ ಕಾಗದಕ್ಕೆ ಸಹಿ ಹಾಕಿದವರು ಯಾವ ಲೆಕ್ಕದಲ್ಲಿ ಬರುತ್ತಾರೆ?

ಪರಿಹಾರಕ್ಕೆ ಅಂತ 2003ರಲ್ಲಿ ಸುಮಾರು 550 ಜನರಿಗೆ 8.5 ಕೋಟಿ ಡಾಲರ್ ಕೊಡಲು ಒಪ್ಪಂದವಾಯಿತು. ಹೊಸ ಆರ್ಚ್‌ಬಿಷಪ್ ಶಾನ್ ಒಮಾಲಿ, ಕಾರ್ಡಿನಲ್‌ಗಳು ಇರುತ್ತಿದ್ದ ಬಂಗಲೆಯನ್ನೂ ಜಾಗವನ್ನೂ ಬಾಸ್ಟನ್ ಕಾಲೇಜಿಗೆ ಮಾರಿದರು. ಆಮೇಲೆ 2004ರಲ್ಲಿ ಅರವತ್ತಕ್ಕೂ ಹೆಚ್ಚು ಧರ್ಮಕೇಂದ್ರಗಳನ್ನು ಮುಚ್ಚುತ್ತೇವೆ ಅಂದರು. ಪಾದ್ರಿಗಳು ಕಡಿಮೆ, ಜನ ಕಡಿಮೆ, ಕಟ್ಟಡ ಹಳೆಯದು, ಹಗರಣಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಅವರ ಮಾತು. ನಂಬಿದವರು ಕಡಿಮೆ. ಕೆಲವು ಕಡೆ ಜನ ಚರ್ಚ್ ಬಿಟ್ಟು ಹೊರಗೆ ಬರುವುದಿಲ್ಲ ಅಂತ ಒಳಗೇ ಕೂತರು. ಸಿಚುವೇಟ್ ಅನ್ನುವ ಕಡಲ ತೀರದ ಊರಿನ ಕಬ್ರಿನಿ ಚರ್ಚಿನಲ್ಲಿ 2004ರ ಅಕ್ಟೋಬರ್‌ನಿಂದ 2016ರ ಮೇವರೆಗೆ, ಹನ್ನೊಂದು ವರ್ಷಕ್ಕೂ ಜಾಸ್ತಿ, ಸರದಿ ಹಾಕಿಕೊಂಡು ಹಗಲೂ ರಾತ್ರಿ ಕಾದರು. ಒಬ್ಬರಾದರೂ ಒಳಗಿರಲೇಬೇಕು, ಇಲ್ಲದಿದ್ದರೆ ಬೀಗ ಬೀಳುತ್ತದೆ. ಜಾಗ ಬಿಡಿ ಅಂತ ಕೆಳಗಿನ ಕೋರ್ಟ್ ಆಜ್ಞೆ ಮಾಡಿ, ಅದರ ವಿರುದ್ಧದ ಅರ್ಜಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ ಅಂದ ಮೇಲೆ ಎದ್ದರು. ಹಗರಣ ಆದರೆ ಜನ ಚರ್ಚ್ ಬಿಡುತ್ತಾರೆ ಅಂತ ತಾನೇ ನಾವು ಅಂದುಕೊಳ್ಳುವುದು? ಇವರನ್ನು ಎಬ್ಬಿಸಲು ಕೋರ್ಟಿನ ಆಜ್ಞೆ ಬೇಕಾಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ನನ್ನ ಹೆಂಡತಿ ಎರಡು ವರ್ಷ ಹೋಗಲಿಲ್ಲ. ನಾನು ಒಂದು ವಾರವೂ ಬಿಡಲಿಲ್ಲ. ಇಬ್ಬರಲ್ಲಿ ಯಾರು ಸರಿ ಅಂತ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ನಾನು ಹೋಗುತ್ತಿದ್ದದ್ದು ಪೂಜೆಗೆ. ಆ ಪೂಜೆ ಕಾರ್ಡಿನಲ್ ಕೊಟ್ಟದ್ದಲ್ಲ, ನಮ್ಮಜ್ಜಿ ಕೊಟ್ಟದ್ದು. ಆದರೆ ಅಜ್ಜಿ ಅದರ ಜೊತೆಗೆ ಕೊಟ್ಟ ಹುಳದ ಭಯವನ್ನು ಅಲ್ಲೇ, ಆ ಹಾಲ್‌ನಲ್ಲೇ ಬಿಟ್ಟು ಬಂದೆ. ನಮ್ಮ ಪಕ್ಕದ ಮನೆಯವರು ಶಾಶ್ವತವಾಗಿ ಬಿಟ್ಟು ಬೇರೆ ಪಂಗಡದ ಚರ್ಚಿಗೆ ಸೇರಿದರು. ಅವರನ್ನೂ ನಾನು ತಪ್ಪು ಅನ್ನುವುದಿಲ್ಲ.

2009ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆವು. ಇಲ್ಲಿ 2012ರಿಂದ ಪೋಕ್ಸೋ ಕಾಯ್ದೆ ಇದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ, ಫಾದರ್ ಆಗಲಿ, ಸಿಸ್ಟರ್ ಆಗಲಿ, ನಾನಾಗಲಿ, ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಮೊದಲು ಬಿಷಪ್ಪರಿಗೆ ಹೇಳಿ ನೋಡೋಣ ಅನ್ನುವ ಮಾತಿಗೆ ಅದರಲ್ಲಿ ಜಾಗ ಇಲ್ಲ. 2019ರಲ್ಲಿ ಪೋಪ್ ಫ್ರಾನ್ಸಿಸ್ ಕೂಡ, ವಿಷಯ ಗೊತ್ತಾದ ಪಾದ್ರಿಗಳೂ ಸಿಸ್ಟರ್‌ಗಳೂ ಚರ್ಚಿನ ಅಧಿಕಾರಿಗಳಿಗೆ ತಿಳಿಸಲೇಬೇಕು ಅಂತ ನಿಯಮ ಮಾಡಿದರು. ಅದು ಚರ್ಚಿನ ಒಳಗಿನ ದಾರಿ. ಪೊಲೀಸ್ ಠಾಣೆಯ ದಾರಿ ಬೇರೆ, ಅದನ್ನು ಇದು ತಪ್ಪಿಸುವುದಿಲ್ಲ.

ನಾನು ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಇದ್ದಾಗ ಕೇಳಿದ್ದು ಒಂದೇ. ನೋಟಿಸ್ ಬೋರ್ಡಿನಲ್ಲಿ ಮಕ್ಕಳ ಸಹಾಯವಾಣಿ 1098, ಪೋಕ್ಸೋ ಬಗ್ಗೆ ನಾಲ್ಕು ಸಾಲು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಮೂರು ಸಭೆ ಹಿಡಿಯಿತು. "ನೋಡಿದವರು ಏನಂದುಕೊಳ್ತಾರೆ, ಇಲ್ಲೇನೋ ನಡೆದಿದೆ ಅಂದ್ಕೊಳ್ಳಲ್ವಾ?" ಅಂತ ಹಿರಿಯರೊಬ್ಬರು ಕೇಳಿದರು. ಅವರು ಕೆಟ್ಟವರಲ್ಲ, ನಮ್ಮಜ್ಜಿಯ ಹಾಗೆಯೇ. ನಾನು ಅವರಿಗೆ ಕೊನೇ ಬೆಂಚಿನ ಮನುಷ್ಯನ ಕತೆ ಹೇಳಿದೆ. ಹತ್ತು ವರ್ಷದ ಹುಡುಗ, ಅಮ್ಮ, ಕೆನ್ನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿ ಅಂಟಿಸ್ಬೇಕು ಹೇಳು" ಅಂದರು.

ಈಗ ಅದು ಸಂತ ಅಂತೋಣಿಯ ನವೇನ, ಅಂದರೆ ಒಂಬತ್ತು ದಿನದ ಪ್ರಾರ್ಥನೆಯ ಪಟ್ಟಿಯ ಪಕ್ಕದಲ್ಲಿದೆ, ಮಕ್ಕಳ ಕಣ್ಣಿಗೆ ಬೀಳುವಷ್ಟು ಕೆಳಗೆ. ಮಳೆಗೆ ಒಮ್ಮೆ ಹಾಳಾಗಿತ್ತು. ಆ ಹಿರಿಯರೇ ಹೊಸದು ಪ್ರಿಂಟ್ ಹಾಕಿಸಿ ತಂದರು.