ಹಳೆಯ ದೊಡ್ಡ ಟ್ರ್ಯಾಕ್ಟರ್ ಕೊಂಡಿದ್ದೇನೆ, ಸಾಲು ಬಿತ್ತನೆಗೆ ಅದನ್ನು ಹೇಗೆ ಅಣಿಗೊಳಿಸಲಿ?

ಮೊದಲು ಚಕ್ರಗಳ ಅಂತರ ನೋಡಿ, ಬಣ್ಣಗಿಣ್ಣ ಆಮೇಲಿರಲಿ. ಸಾಲಿನಿಂದ ಸಾಲಿಗೆ 75 ಸೆಂ.ಮೀ. ಇದ್ದರೆ ಎಡಬಲ ಟೈರುಗಳ ನಡುವಿನಿಂದ ನಡುವಿಗೆ 150 ಅಥವಾ 300 ಸೆಂ.ಮೀ. ಇಡಿ. ಮುಂದೆಯೂ ಹಿಂದೆಯೂ ಅದೇ ಅಳತೆ. ಆಗ ಚಕ್ರ ಸಾಲಿನ ಮೇಲೆ ಹತ್ತುವುದಿಲ್ಲ. ಕೆಲವು ಗಂಟೆ ಓಡಿಸಿದ ಮೇಲೆ ಚಕ್ರದ ಬೋಲ್ಟುಗಳನ್ನು ಮತ್ತೆ ಬಿಗಿಮಾಡಿ.

ಹಳೆಯ ಗಾಡಿಯಲ್ಲಿ ನಾನು ನಂಬದಿರುವುದು ಹೈಡ್ರಾಲಿಕ್ಕನ್ನು, ಅಂದರೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ವ್ಯವಸ್ಥೆಯನ್ನು. ಎಣ್ಣೆ ಬೆಳ್ಳಗೆ ಹಾಲಿನಂತಾಗಿದ್ದರೆ ನೀರು ಸೇರಿದೆ ಎಂದೇ ಲೆಕ್ಕ. ಎಲ್ಲಿಂದ ಸೇರಿತೆಂದು ಹುಡುಕಿ, ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ. ಪ್ಲಾಂಟರಿನ (ಸಾಲು ಬಿತ್ತುವ ಯಂತ್ರದ) ಫ್ಯಾನ್ ಹೈಡ್ರಾಲಿಕ್ ಮೋಟಾರಿನಿಂದ ತಿರುಗುವುದಾದರೆ, ಮರಳುವ ಎಣ್ಣೆಯ ಪೈಪನ್ನು ಟ್ರ್ಯಾಕ್ಟರಿನ ಕಡಿಮೆ ಒತ್ತಡದ ರಿಟರ್ನ್‌ಗೇ (ಎಣ್ಣೆ ವಾಪಸ್ ಹೋಗುವ ದಾರಿಗೇ) ಜೋಡಿಸಿ. ಇಲ್ಲವಾದರೆ ಮೋಟಾರಿನ ಸೀಲ್ ಕಿತ್ತುಹೋಗಬಹುದು.

ಪ್ಲಾಂಟರ್ ಎತ್ತಿದಾಗ ಟ್ರ್ಯಾಕ್ಟರಿನ ಮೂತಿ ಹಗುರಾದರೆ ಮುಂದೆ ತೂಕ ಸೇರಿಸಿ. ಭಾರಕ್ಕೆ ತಕ್ಕಂತೆ ಟೈರಿಗೆ ಎಷ್ಟು ಗಾಳಿ ಬೇಕೆಂದು ತಯಾರಕರ ಕೋಷ್ಟಕದಲ್ಲಿ ನೋಡಿ.