ಮನೆಯ ಮೊಸರು ಸಾಕೇ, ಕ್ಯಾಪ್ಸೂಲ್ ಬೇಕೇ?

ಪ್ರಶ್ನೆ: ಗಂಟಲು ನೋವಿಗೆಂದು ವೈದ್ಯರು ಕೊಟ್ಟ ಆ್ಯಂಟಿಬಯಾಟಿಕ್ ಮಾತ್ರೆ ಶುರುಮಾಡಿದ ಮೂರನೆಯ ದಿನದಿಂದ ನನಗೆ ಭೇದಿಯಾಗುತ್ತಿದೆ. ಔಷಧಿ ಅಂಗಡಿಯವರು ಪ್ರೋಬಯಾಟಿಕ್ ಕ್ಯಾಪ್ಸೂಲ್ ನುಂಗಿ ಎನ್ನುತ್ತಾರೆ. ನಮ್ಮ ಅತ್ತೆಯವರು ಮನೆಯ ಮೊಸರೇ ಸಾಕು ಎನ್ನುತ್ತಾರೆ. ಯಾರ ಮಾತು ಸರಿ? ಇಡ್ಲಿ, ಮಜ್ಜಿಗೆ ಹುಳಿಯಿಂದಲೂ ಇದೇ ಲಾಭವಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ರೋಗಾಣುಗಳನ್ನು ಕೊಲ್ಲುವ ಮಾತ್ರೆ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲವಾದ್ದರಿಂದ ಇಂಥ ಭೇದಿ ಅನೇಕರಿಗೆ ಆಗುತ್ತದೆ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ನಿಮ್ಮ ಅತ್ತೆಯವರ ಮಾತಿನಲ್ಲಿ ಹುರುಳಿದೆ. ಉಗುರು ಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಬಿದ್ದೊಡನೆ ಅದರಲ್ಲಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಆಮ್ಲವಾಗಿಸತೊಡಗುತ್ತವೆ, ಬೆಳಗಾಗುವಷ್ಟರಲ್ಲಿ ಕೋಟಿಗಟ್ಟಲೆಯಾಗಿ ಬೆಳೆದಿರುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಮಂದಿಗೆ ಮೊಸರು ಒಗ್ಗುವುದು ಈ ಕಾರಣದಿಂದಲೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಹೇಳಿದಂತೆ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಾಣುಗಳಿಗೆ ಮಾತ್ರ ಪ್ರೋಬಯಾಟಿಕ್ ಎಂಬ ಹೆಸರು ಸಲ್ಲುತ್ತದೆ. ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಇದೆಯೆಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ. ಆದ್ದರಿಂದ ಅದನ್ನು ಒಳ್ಳೆಯ ಆಹಾರವೆಂದು ಧಾರಾಳವಾಗಿ ಹೇಳುತ್ತೇನೆ, ಔಷಧಿಯೆಂದು ಹೇಳಲಾರೆ.

ಆ್ಯಂಟಿಬಯಾಟಿಕ್‌ನಿಂದಾಗುವ ಭೇದಿಯನ್ನು ತಡೆಯುವಲ್ಲಿ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಎಂಬ ತಳಿಗೂ ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟಿಗೂ ಅಧ್ಯಯನಗಳ ಬೆಂಬಲವಿದೆ. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಈ ಮಾತ್ರೆಗಳು ಅದನ್ನು ಕೊಲ್ಲುವುದಿಲ್ಲ. ಎಲ್ಲ ಕ್ಯಾಪ್ಸೂಲೂ ಒಂದೇ ಅಲ್ಲ; ಡಬ್ಬಿಯ ಮೇಲೆ ತಳಿಯ ಹೆಸರು ಪೂರ್ತಿಯಾಗಿ ಇಲ್ಲದಿದ್ದರೆ ಕೊಳ್ಳಬೇಡಿ.

ಇಡ್ಲಿ ಹಿಟ್ಟನ್ನು ಹುದುಗಿಸುವ ಬ್ಯಾಕ್ಟೀರಿಯಾಗಳು ಹಬೆಯಲ್ಲಿ ಸಾಯುತ್ತವೆ, ಕುದಿಸಿದ ಮಜ್ಜಿಗೆ ಹುಳಿಯಲ್ಲೂ ಅಷ್ಟೇ. ಹುದುಗಿದ ಹಿಟ್ಟಿನ ಇತರ ಗುಣ ಉಳಿಯುತ್ತದೆ, ಜೀವಂತ ಬ್ಯಾಕ್ಟೀರಿಯಾ ಮಾತ್ರ ಉಳಿಯುವುದಿಲ್ಲ. ಮೊಸರನ್ನಕ್ಕೂ ಅನ್ನ ಆರಿದ ಮೇಲೆಯೇ ಮೊಸರು ಕಲಸಿ, ಒಗ್ಗರಣೆಯನ್ನೂ ತಣಿಸಿ ಹಾಕಿ.

ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಮಾತ್ರೆಗಳನ್ನು ಮೊಸರಿನೊಂದಿಗೆ ನುಂಗಬಾರದು, ಏಕೆಂದರೆ ಮೊಸರಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಮಾತ್ರೆ ನುಂಗಿ ಎರಡು ಗಂಟೆಯಾದರೂ ಕಳೆದ ಮೇಲೆ ಮೊಸರು ತಿನ್ನಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರವಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು ಅಥವಾ ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿದ್ದರೆ, ನಿಮಗೆ ತಂದ ಕ್ಯಾಪ್ಸೂಲನ್ನು ವೈದ್ಯರನ್ನು ಕೇಳದೆ ಅವರಿಗೆ ಕೊಡಬೇಡಿ.