ಮಾತೃಭಾಷೆಯನ್ನು ಮುಚ್ಚಿಟ್ಟವರು: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕುಂದಾಪುರದ ಕಡೆಯ, 34 ವರ್ಷದ ಯುವಕರೊಬ್ಬರು ಮುಂಬಯಿಗೆ ಬಂದು ಹನ್ನೊಂದು ವರ್ಷಗಳಾಗಿದ್ದವು. ಡೊಂಬಿವಲಿಯಲ್ಲಿ ಬಾಡಿಗೆ ಮನೆ, ಠಾಣೆಯ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ನಿದ್ದೆ ಬರುವುದಿಲ್ಲವೆಂದು ಆಪ್ತಸಲಹೆಗೆ ನನ್ನ ಬಳಿ ಬಂದವರು ಎರಡನೆಯ ಭೇಟಿಯ ಕೊನೆಯಲ್ಲಿ, ಚಪ್ಪಲಿ ಹಾಕಿಕೊಳ್ಳುತ್ತಾ, ತಮಗೆ ಗಂಡಸರ ಮೇಲೆಯೇ ಆಕರ್ಷಣೆ ಎಂದು ಹೇಳಿದರು. ಮುಖ್ಯವಾದ ಮಾತು ಬಾಗಿಲ ಬಳಿ ಬರುವುದು ನಮ್ಮ ವೃತ್ತಿಯಲ್ಲಿ ಹೊಸತಲ್ಲ.

ಇದು ಕಾಯಿಲೆಯಲ್ಲವೆಂದು ನಾನು ವಿವರಿಸಬೇಕಾಗಿ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟದ್ದು, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟದ್ದು, 2023ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಒಪ್ಪದಿದ್ದದ್ದು, ಎಲ್ಲವೂ ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. “ಕಾನೂನೆಲ್ಲ ಓದಿದ್ದೆ ಮೇಡಂ, ರಾತ್ರಿ ಒಂಬತ್ತಕ್ಕೆ ಬೀಗ ತೆಗ್ದು ಒಳಗೆ ಹೋದ್ಮೇಲೆ ಎಂತ ಮಾಡುದು?” ಎಂದರು.

ಡೇಟಿಂಗ್ ಆ್ಯಪ್‌ಗಳ ಮೂಲಕ ಅವರಿಗೆ ಜೊತೆ ಸಿಗದೇ ಇರಲಿಲ್ಲ. ಅಲ್ಲಿ ಅವರ ಹೆಸರು ಬೇರೆ, ಊರು ಬೇರೆ, ಮಾತು ಹಿಂದಿ. ಒಂದು ಭಾನುವಾರ, ಮೂರನೆಯ ಬಾರಿ ಮನೆಗೆ ಬಂದಿದ್ದ ಕಲ್ಯಾಣದ ಮರಾಠಿ ಗೆಳೆಯ ಕುಳಿತಿದ್ದಾಗಲೇ ತಾಯಿಯ ಫೋನ್ ಬಂತು. ಇವರು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ತಿರುಗಿಸಿಟ್ಟು ಮಾತನಾಡಿ ಬಂದರು. ಯಾವ ಭಾಷೆ ಅದು ಎಂದು ಆತ ಸುಮ್ಮನೆ ಕೇಳಿದ್ದಕ್ಕೆ ‘ತೆಲುಗು’ ಎಂದುಬಿಟ್ಟರು. ಅನಂತರ ಆತನ ಸಂದೇಶಗಳಿಗೆ ಉತ್ತರಿಸಲಿಲ್ಲ. ಇದನ್ನು ಹೇಳುವಾಗ ಮಾತ್ರ ಅವರು ಅತ್ತರು.

ಪರದೇಶಕ್ಕೆ ಹೋದವರಿಗೆ ಗುರುತಿನವರಿಲ್ಲದ ನಿರಾಳವಾದರೂ ಇರುತ್ತದೆ. ಕುಂದಾಪುರದವರಿಗೆ ಮುಂಬಯಿಯಲ್ಲಿ ಅದೂ ಇಲ್ಲ, ಏಕೆಂದರೆ ಸೋದರಮಾವನ ಹೋಟೆಲು, ಜಾತಿಯ ಸಂಘ, ಯಕ್ಷಗಾನದ ಮೇಳ ಬಂದಾಗ ಸೇರುವ ಊರವರು ಎಲ್ಲರೂ ಇಲ್ಲೇ ಇದ್ದು, ‘ಮದುವೆ ಯಾವಾಗ?’ ಎಂಬ ಪ್ರಶ್ನೆ ಮಾಟುಂಗಾದಿಂದ ಊರಿಗೆ ಅದೇ ದಿನ ತಲುಪುತ್ತದೆ. ಹೀಗಾಗಿ ಕನ್ನಡ ಇರುವಲ್ಲಿ ಅವರು ತಾವಾಗಿರಲಿಲ್ಲ. ತಾವಾಗಿದ್ದಲ್ಲಿ ಕನ್ನಡ ಇರಲಿಲ್ಲ. ದೇಹಕ್ಕೆ ಜೊತೆ ಸಿಕ್ಕರೂ ನಿದ್ದೆ ಬಾರದಿದ್ದದ್ದಕ್ಕೆ ಇದೇ ಕಾರಣವೆಂದು ನಾನು ತಿಳಿದೆ.

ಆದರೆ ಅದಕ್ಕೂ ಮೊದಲು ಒಂದು ತಪ್ಪು ಮಾಡಿದ್ದೆ. 1994ರಿಂದ ಈ ನಗರದಲ್ಲಿ ಸಲಿಂಗಾಕರ್ಷಣೆಯುಳ್ಳವರಿಗಾಗಿ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟ್‌ನಂಥ ಸಂಸ್ಥೆಗಳಿರುವಾಗ ಚಿಂತೆ ಏಕೆಂದು, ಇಂಥದೊಂದು ಗುಂಪಿಗೆ ಅವರನ್ನು ಆತುರದಿಂದ ಕಳುಹಿಸಿದೆ. ನಲವತ್ತು ಜನರ ನಡುವೆ ಎರಡು ಗಂಟೆ ಬಾಯಿ ಬಿಡದೆ ಕುಳಿತು, ಇನ್ನಷ್ಟು ಕುಗ್ಗಿ ಮರಳಿದರು. ಗುಂಪಿನದಲ್ಲ, ನನ್ನದೇ ದೋಷ.

ಅನಂತರದ ಭೇಟಿಗಳನ್ನು ಪೂರ್ತಿ ಕನ್ನಡದಲ್ಲಿಯೇ ನಡೆಸಿದೆವು. ತಮ್ಮ ಬಗ್ಗೆ ಹೇಳಿಕೊಳ್ಳಲು ಅವರಿಗೆ ಗೊತ್ತಿದ್ದ ಕನ್ನಡ ಪದಗಳೆಲ್ಲ ಬೈಗುಳಗಳೇ ಆಗಿದ್ದವು. ‘ಸಲಿಂಗಿ’ ಪತ್ರಿಕೆಯ ಮಾತೆನಿಸಿತು. ಕೊನೆಗೆ ಅವರೇ ‘ನನ್ನ ಜನ’ ಎಂಬುದನ್ನು ಬಳಸತೊಡಗಿದರು.

ಎಲ್ಲರಿಗೂ ಹೇಳಿಬಿಡಬೇಕೆಂದು ನಾನು ಸಲಹೆ ಕೊಡಲಿಲ್ಲ; ಅವಸರದಲ್ಲಿ ತಾಯಿಗೆ ಹೇಳುವುದು ಬೇಡ, ನಂಬಿಕೆಯ ಒಬ್ಬ ಕನ್ನಡದವರಿಗೆ ಮೊದಲು ಹೇಳಿ ಎಂದೆ. ಒಂದು ವಿಷಯದಲ್ಲಿ ಮಾತ್ರ ಖಂಡಿತವಾಗಿ ಮಾತನಾಡಿದೆ: ಊರವರ ಬಾಯಿ ಮುಚ್ಚಿಸಲು ಒಬ್ಬ ಹೆಣ್ಣುಮಗಳನ್ನು ಮದುವೆಯಾಗಕೂಡದು. ಆ್ಯಪ್ ಬಿಡಬೇಕಿಲ್ಲ, ಆದರೆ ಮೊದಲ ಭೇಟಿ ಜನರಿರುವ ಹೋಟೆಲಿನಲ್ಲಾಗಲಿ. ಯಾರಾದರೂ ಫೋಟೊ ಇಟ್ಟುಕೊಂಡು ಹಣಕ್ಕೆ ಬೆದರಿಸಿದರೆ ಕೊಡದೆ, ಸಂದೇಶಗಳನ್ನು ಅಳಿಸದೆ ಪೊಲೀಸರಿಗೆ ದೂರು ನೀಡಬೇಕು. ಕಾಂಡೋಮ್ ತಪ್ಪಬಾರದು, ಎಚ್‌ಐವಿ ಪರೀಕ್ಷೆ ಸರ್ಕಾರಿ ಐಸಿಟಿಸಿ (ಸಮಗ್ರ ಆಪ್ತಸಲಹೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಉಚಿತವಾಗಿ, ಗೋಪ್ಯವಾಗಿ ಆಗುತ್ತದೆ ಎಂದು ತಿಳಿಸಿದೆ. ತೀರಾ ಕಷ್ಟವಾದ ರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ; ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಅವರು ಆರಿಸಿಕೊಂಡದ್ದು ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮಗಳನ್ನು. ಆಕೆ ಎರಡು ದಿನ ಫೋನ್ ಎತ್ತಲಿಲ್ಲ, ಮೂರನೆಯ ದಿನ ತಾನೇ ಮಾಡಿ ಒಂದು ಗಂಟೆ ಮಾತನಾಡಿದಳಂತೆ. ಮದುವೆಯ ಒತ್ತಾಯ ಮುಗಿದಿಲ್ಲ, ನಿದ್ದೆ ಐದು ಗಂಟೆಗೆ ಏರಿದೆಯಷ್ಟೇ. ಕಲ್ಯಾಣದ ಗೆಳೆಯನಿಗೆ ತಾವಾಗಿ ಸಂದೇಶ ಕಳುಹಿಸಿ, ಅದು ತೆಲುಗಲ್ಲ ಎಂದು ಹೇಳಿದ್ದಾರೆ. ಈಗ ಆತ ಬಂದಿದ್ದಾಗ ಅಮ್ಮನ ಫೋನ್ ಬಂದರೆ ಅವರು ಬಚ್ಚಲಿಗೆ ಹೋಗುವುದಿಲ್ಲ, ಕಿಟಕಿಯ ಬಳಿ ನಿಂತು ಮಾತನಾಡುತ್ತಾರೆ.